ಮಾವನ ಮೆಚ್ಚಿನ ಹನ್ನೆರಡು

ಸನ್ಮಾನದ ದಿನ ಮಾವ ವೇದಿಕೆಯ ಮೇಲೆ ನಿಂತು ಎಲ್ಲರನ್ನೂ ನೆನೆದರು. ಚೌಕಟ್ಟು ಕಟ್ಟಿಕೊಟ್ಟ ಬಡಗಿಯನ್ನು ನೆನೆದರು, ಐವತ್ತು ವರ್ಷ ಶಾಯಿ ಮಾರಿದ ಅಂಗಡಿಯವನನ್ನು ನೆನೆದರು, ಕಣ್ಣಿನ ಡಾಕ್ಟರನ್ನು ನೆನೆದರು, ನೆಲಕ್ಕೆ ಚೆಲ್ಲಿದ ಶಾಯಿಯನ್ನೆಲ್ಲ ಬೈಯುತ್ತಲೇ ಒರೆಸಿದ ಅತ್ತೆಯನ್ನು ನೆನೆದು ಸಭೆಯನ್ನು ನಗಿಸಿದರು. ಕೊನೆಗೆ ಮೊದಲ ಸಾಲಿನ ತುದಿಯಲ್ಲಿ, ಪ್ರೊಜೆಕ್ಟರಿನ ತಂತಿ ಯಾರ ಕಾಲಿಗೂ ತೊಡರದಂತೆ ಹಿಡಿದು ಕೂತಿದ್ದ ಅಕ್ಕನ ಮಗನ ಕಡೆ ಕೈ ತೋರಿಸಿ, "ಇವನು ನಮ್ಮ ವೈರು. ನನ್ನ ಚಿತ್ರಗಳಿಗೆ ಕರೆಂಟು ಕೊಡೋನು" ಅಂದರು. ಸಭೆ ಇನ್ನೂ ಜೋರಾಗಿ ನಕ್ಕಿತು.

ವೈರು ನಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಕ್ಕ. ಎದ್ದು ನಿಂತು ಕೈಯನ್ನೂ ಮುಗಿದ. ಆದರೆ ಆ ನಗು ಗಂಟಲಲ್ಲಿ ಮುಳ್ಳಿನ ಹಾಗೆ ಅಡ್ಡ ಸಿಕ್ಕಿಕೊಂಡಿತು. ಮನೆಗೆ ಬಂದು ನೀರು ಕುಡಿದರೂ ಇಳಿಯಲಿಲ್ಲ, ಮೂರು ತಿಂಗಳಾದರೂ ಇಳಿಯಲಿಲ್ಲ.

ಅವನಿಗೆ ನಲವತ್ತೊಂದು ವರ್ಷ. ಕಲಾವಿದರ ಕೆಲಸವನ್ನು ಇಂಟರ್ನೆಟ್ಟಿನಲ್ಲಿ ಜೋಡಿಸಿಡುವುದು ಅವನ ಉದ್ಯೋಗ. ಅವರ ಚಿತ್ರ, ಫೋಟೊ, ವಿನ್ಯಾಸಗಳನ್ನು ಪೋರ್ಟ್‌ಫೋಲಿಯೊ ಮಾಡಿ, ಹೆಸರು, ವರ್ಷ, ಅಳತೆ ಬರೆದು, ಹಳೆಯದನ್ನು ಒಳಗಿಟ್ಟು ಹೊಸದನ್ನು ಮುಂದಿಟ್ಟು, ವಾರಕ್ಕೊಮ್ಮೆ ಧೂಳು ಹೊಡೆಯುತ್ತಿದ್ದ. ಹೀಗೆ ಮೂವತ್ತೆಂಟು ಮಂದಿಯ ಅಂಗಳ ಗುಡಿಸುವವನ ಸ್ವಂತ ಅಂಗಳದಲ್ಲಿ ಹುಲ್ಲು. ಅವನ ಹೆಸರಿನ ವೆಬ್‌ಸೈಟ್ ತೆರೆದರೆ ಎಂಟು ವರ್ಷದಿಂದ ಒಂದೇ ಸಾಲು ಕಾಣುತ್ತಿತ್ತು: 'ಕೆಲಸ ನಡೆಯುತ್ತಿದೆ.'

ಎಲ್ಲಕ್ಕಿಂತ ದೊಡ್ಡ ಅಂಗಳ ಮಾವನದು. ಹನ್ನೊಂದು ವರ್ಷದ ಹಿಂದೆ ಆ ಚಿತ್ರಗಳು ಮೂರು ಟ್ರಂಕಿನಲ್ಲಿ, ಮಂಚದ ಕೆಳಗೆ, ಅಡುಗೆಮನೆಯ ಅಟ್ಟದ ಮೇಲೆ ಬಿದ್ದಿದ್ದವು. ಒಂದೊಂದನ್ನೇ ಒರೆಸಿ, ಸ್ಕ್ಯಾನ್ ಮಾಡಿ, ನಾನೂರ ಮೂವತ್ತೆಂಟಕ್ಕೂ ಹೆಸರಿಟ್ಟವನು ವೈರು. 'ಹೆಂಗಸು, ಹೊಲಿಗೆ, ಕಿಟಕಿ, ಎಡಗಡೆಯ ಬೆಳಕು' ಎಂದು ಗುರುತು ಬರೆದವನು ವೈರು. ಈಗ ಯಾವುದೋ ಊರಿನ ಯಾರೋ 'ಕಿಟಕಿ' ಎಂದು ಒತ್ತಿದರೆ ಮಾವನ ಇಪ್ಪತ್ತೆರಡು ಕಿಟಕಿಗಳು ತೆರೆದುಕೊಳ್ಳುತ್ತಿದ್ದವು. ನೋಡಿದವರು ಬರೆಯುತ್ತಿದ್ದರು: 'ನಿಮ್ಮ ಕೈಗೆ ನಮಸ್ಕಾರ.' ಮಾವನ ಪರವಾಗಿ ಆ ನಮಸ್ಕಾರಕ್ಕೆ ಉತ್ತರ ಬರೆಯುತ್ತಿದ್ದವನೂ ವೈರು. ಕೈಗೆ ನಮಸ್ಕಾರ ಮಾಡುವವರು ಬಹಳ. ಆ ಕೈ ಊರಿಗೆಲ್ಲ ಕಾಣುವಂತೆ ದೀಪ ಹಿಡಿದವನು ಯಾರೆಂದು ಕೇಳಿದವರಿಲ್ಲ.

ಹರೆಯದಲ್ಲಿ ಅವನೂ ಮಾವನ ಹತ್ತಿರ ಚಿತ್ರ ಕಲಿತಿದ್ದ. ಆಗ ಮಾವ ಒಮ್ಮೆ ಹೇಳಿದ್ದರು: "ನಿನ್ನ ಗೆರೆ ಚೆನ್ನಾಗಿದೆ ಕಣೋ. ಆದರೆ ನಿನಗೆ ಅವಸರ. ಎದುರಿಗಿದ್ದೋರು ಮಾತು ಮುಗಿಸೋಕೂ ಬಿಡೋದಿಲ್ಲ, ಹಾಳೆ ಮೇಲೆ ಅವರ ಮುಖ ಮುಗಿಯೋಕೂ ಬಿಡೋದಿಲ್ಲ." ಆ ಮಾತಿನ ಮೊದಲ ಅರ್ಧವನ್ನು ಅವನು ಮರೆತಿದ್ದ. ಎರಡನೆಯ ಅರ್ಧವನ್ನು ಕ್ಷಮಿಸಿರಲಿಲ್ಲ.

ಹೀಗಿರುವಾಗ ಆ ಪ್ರಕಟಣೆ ಬಂತು. ಒಂದು ಹಳೆಯ ಪ್ರಕಾಶನದವರು ನೂರು ಕೈಕೆಲಸಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಮಾಡುವವರಿದ್ದರು. ಕೊಡೆ ರಿಪೇರಿ, ಬೀಗದ ಕೆಲಸ, ಹೊಲಿಗೆ, ಚಪ್ಪಲಿ, ಗಡಿಯಾರ. ಎಲ್ಲಕ್ಕೂ ಚಿತ್ರ ಬರೆಯಲು ಒಬ್ಬರು ಬೇಕಿತ್ತು; ಮೂರು ವರ್ಷದ ಕೆಲಸ. ಮುಖಪುಟದ ಮೇಲೆ ಬರೆದವರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಚಿತ್ರಕಾರನ ಹೆಸರು. ಅರ್ಜಿಯ ಜೊತೆ ಪೋರ್ಟ್‌ಫೋಲಿಯೊದ ಲಿಂಕ್ ಕಳಿಸಿದರೆ ಸಾಕು. ಅದರಲ್ಲಿ ಕಳೆದ ಹತ್ತು ವರ್ಷದ ಹನ್ನೆರಡು ಚಿತ್ರ ಇರಬೇಕು. ಜೊತೆಗೆ ಈ ತಿಂಗಳು ಬರೆದ ಒಂದು ಚಿತ್ರ, ಅದು ಮೇಜಿನ ಮೇಲಿರುವ ಫೋಟೊ ಸಮೇತ.

ಮಧ್ಯಾಹ್ನದ ಎರಡೂವರೆ ಗಂಟೆ. ಮಾವನ ಮನೆಯ ಮುಂದಿನ ಕೋಣೆಯಲ್ಲಿ ಕೂತು ಇದನ್ನು ಓದಿದ. ಒಳಗೆ ಮಾವ ಮಲಗಿದ್ದರು. ಅತ್ತೆ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಕೂತಲ್ಲೇ ತೂಕಡಿಸುತ್ತಿದ್ದರು. ಮುಖಪುಟದ ಮೇಲೆ ತನ್ನ ಹೆಸರು ಹೇಗೆ ಕಾಣುತ್ತದೆಂದು ಅವನು ಒಂದು ಚೀಟಿಯ ಮೇಲೆ ಬರೆದು ನೋಡಿದ. ವೈರು ಎಂದಲ್ಲ; ಅವ್ವ ಅಪ್ಪ ಇಟ್ಟ ಹೆಸರು. ಬರೆಯದೆ ಬಹಳ ದಿನವಾಗಿದ್ದರಿಂದ ಮೊದಲ ಅಕ್ಷರ ಸ್ವಲ್ಪ ಸೊಟ್ಟಗೆ ಬಂತು.

ಆಸೆಗೆ ಕಾಲು ಬಂದದ್ದು ಆಗ. ಅದು ನೇರವಾಗಿ ನಡೆದು ಹೋಗಿ ಮೂರು ವರ್ಷದ ಹಿಂದಿನ ಒಂದು ಬೆಳಿಗ್ಗೆಯ ಮುಂದೆ ನಿಂತಿತು. ಅಂದು ಸಾಮಾನು ಕೋಣೆಯ ನೀರಿನ ಪೈಪು ಒಡೆದು ಮೂರೂ ಟ್ರಂಕು ನೆನೆದು, ಐವತ್ತು ವರ್ಷದ ಚಿತ್ರಗಳೆಲ್ಲ ಕಲಸಿದ ಹಿಟ್ಟಾಗಿದ್ದವು. ಮಾವ ಬಾಗಿಲಲ್ಲಿ ನಿಂತು ನೋಡಿ, ಅತ್ತೆಗಿಂತ ಮೊದಲು ತಾವೇ ಸಮಾಧಾನ ಹೇಳಿದ್ದರು: "ಹೋಗ್ಲಿ ಬಿಡೇ, ಅಳಬೇಡ. ಎಲ್ಲಾ ವೈರು ಹತ್ರ ಇದಾವಲ್ಲ." ಆ ಮಾತು ಈಗ ಅವನಿಗೆ ಬೇರೆಯೇ ರಾಗದಲ್ಲಿ ಕೇಳಿಸಿತು. ಮೂಲ ಚಿತ್ರ ಭೂಮಿಯ ಮೇಲೆ ಇಲ್ಲ. ಇರುವುದು ನೆರಳು ಮಾತ್ರ, ಆ ನೆರಳಿನ ಬೀಗದ ಕೈ ತನ್ನ ಸೊಂಟದಲ್ಲಿ. ಮಾವ ಕಂಪ್ಯೂಟರ್ ಮುಟ್ಟುವುದಿಲ್ಲ. ಅವರ ಕೈ ಈಗ ನಡುಗುತ್ತದೆ, ಎರಡು ವರ್ಷದಿಂದ ಪೆನ್ನನ್ನೂ ಮುಟ್ಟಿಲ್ಲ. ಮನೆ ಕಾಯುವವನೇ ಮನೆಗೆ ನುಗ್ಗಿದರೆ ನಾಯಿ ಬೊಗಳುವುದುಂಟೆ?

ಯಾವ ಹನ್ನೆರಡು ಎಂಬುದನ್ನು ಅವನು ಯೋಚಿಸಬೇಕಾಗಿಯೇ ಇರಲಿಲ್ಲ. ಅವು ಮೊದಲೇ ಒಟ್ಟಿಗಿದ್ದವು, ಅವನೇ ಒಟ್ಟು ಮಾಡಿದ್ದ.

ನಾನೂರ ಮೂವತ್ತೆಂಟರಲ್ಲಿ ಹನ್ನೆರಡು ಚಿತ್ರಗಳ ಬಲಗಡೆಯ ಕೆಳಮೂಲೆಯಲ್ಲಿ ಒಂದೊಂದು ಇರುವೆ ಇತ್ತು. ಎಳ್ಳಿಗಿಂತ ಸ್ವಲ್ಪ ದೊಡ್ಡದು. ಮೂರು ಚುಕ್ಕೆಯ ಮೈ, ಕೂದಲೆಳೆಯಂಥ ಆರು ಕಾಲು, ಬಾಯಲ್ಲಿ ಒಂದು ಕಾಳು. ಸ್ಕ್ಯಾನ್ ಮಾಡುತ್ತಿದ್ದ ದಿನಗಳಲ್ಲಿ ಮೊದಲ ಬಾರಿ ಅದನ್ನು ಕಂಡಾಗ ಅವನು ಕೇಳಿದ್ದ: "ಮಾವ, ಈ ಇರುವೆ ಏನು?"

ಮಾವನ ಮುಖ ಅರಳಿತ್ತು. "ಅದಾ? ಬಾ, ಕೂತ್ಕೊ ಹೇಳ್ತೀನಿ. ನಮ್ಮ ಮೇಷ್ಟ್ರ ಮನೇಲಿ ನಾವು ಐದಾರು ಜನ ಕಲೀತಿದ್ವಲ್ಲ, ಆಗ ಮೇಷ್ಟ್ರಿಗೊಬ್ಬಳು ಮಗಳು. ಆರು ವರ್ಷದ್ದು, ಇಷ್ಟೇ ಇಷ್ಟು. ಸಂಜೆ ನಾವು ಹೊರಡೋ ಹೊತ್ತಿಗೆ ಬಾಗಿಲಿಗೆ ಅಡ್ಡ ನಿಂತು..."

ಮಾವನ ಕತೆಗಳೆಲ್ಲ 'ನಮ್ಮ ಮೇಷ್ಟ್ರ ಮನೇಲಿ' ಎಂದು ಶುರುವಾಗುತ್ತಿದ್ದವು, ಊಟಕ್ಕೆ ಕರೆದರೂ ಮುಗಿಯುತ್ತಿರಲಿಲ್ಲ. ಟ್ರಂಕಿನಲ್ಲಿ ಇನ್ನೂ ಮುನ್ನೂರು ಹಾಳೆ ಇದ್ದವು. "ಆಮೇಲೆ ಹೇಳಿ ಮಾವ, ಇದೊಂದು ಮುಗಿಸ್ತೀನಿ" ಎಂದು ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ. ಮಾವ ಇನ್ನೂ ಸ್ವಲ್ಪ ಹೊತ್ತು ತುಟಿ ಆಡಿಸಿದ್ದು ಕಂಡಿತ್ತು. ಹನ್ನೊಂದು ವರ್ಷದಲ್ಲಿ ಆ 'ಆಮೇಲೆ' ಬಂದಿರಲಿಲ್ಲ.

ಬರಬೇಕಾದ ಅಗತ್ಯವೂ ಅವನಿಗೆ ಕಂಡಿರಲಿಲ್ಲ. ವಿಂಗಡಿಸುವುದೇ ಕಸುಬಾದವನಿಗೆ ಒಂದು ಗುರುತು ಸಿಕ್ಕರೆ ಅರ್ಥ ತಾನೇ ಹುಟ್ಟಿಕೊಳ್ಳುತ್ತದೆ. ಮಾವ ಯಾವ ಚಿತ್ರಕ್ಕೂ ಸಹಿ ಹಾಕುವವರಲ್ಲ. ಬರೆದದ್ದು ನಾನು, ಅದನ್ನು ಕೂಗಿ ಹೇಳುವುದೇನು ಎನ್ನುವ ಪೈಕಿ. ಅಂಥವರು ಹನ್ನೆರಡಕ್ಕೆ ಮಾತ್ರ ಇರುವೆ ಬರೆದಿದ್ದಾರೆ ಎಂದರೆ ಆ ಹನ್ನೆರಡು ಅವರ ಮನಸ್ಸಿಗೆ ಒಪ್ಪಿದವು. ಸಕ್ಕರೆ ಇದ್ದಲ್ಲಿ ಇರುವೆ! ಚಿತ್ರಗಳನ್ನು ನೋಡಿದರೂ ಹಾಗೇ ಅನ್ನಿಸುತ್ತಿತ್ತು. ಉಳಿದವುಗಳಲ್ಲಿ ಮಾವನ ಗೆರೆ ಸ್ವಲ್ಪ ತಡೆದು, ಕೇಳಿ, ಒಪ್ಪಿಗೆ ಪಡೆದು ಮುಂದೆ ಹೋಗುತ್ತಿತ್ತು. ಈ ಹನ್ನೆರಡರಲ್ಲಿ ಅದು ತಡೆಯುತ್ತಲೇ ಇರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸಿನ ಮೊಣಕೈ ಒಂದೇ ಉಸಿರಿನಲ್ಲಿ ಬಂದಿತ್ತು. ಕೊಡೆ ರಿಪೇರಿಯವನ ಬಾಯಲ್ಲಿದ್ದ ದಾರ ಎಳೆದರೆ ಬರುವಂತಿತ್ತು. ಮಾವ ತಾವು ತಾವಾಗಿರದೆ ಬೇರೆ ಯಾರೋ ಆಗಿದ್ದ ಗಳಿಗೆಯಲ್ಲಿ ಬರೆದಂತಿವೆ ಎಂದು ಅವನು ಅಂದೇ ಅಂದುಕೊಂಡಿದ್ದ. ಅವುಗಳನ್ನು ಬೇರೆ ಮಾಡಿ, ವೆಬ್‌ಸೈಟಿನ ಮೊದಲ ಪುಟದಲ್ಲೇ 'ಮಾವನ ಮೆಚ್ಚಿನವು' ಎಂದು ತಲೆಬರಹ ಕೊಟ್ಟಿದ್ದ. ಮನೆಯವರ ಪ್ರೀತಿ ಕಾಣಲಿ ಎಂದು 'ಕಲಾವಿದರ' ಎನ್ನದೆ 'ಮಾವನ' ಎಂದಿದ್ದ.

ಮಾವನ ಉಳಿದ ಚಿತ್ರಗಳ ಹಾಗೆ ಇವು ಕಾಣುವುದಿಲ್ಲ ಎಂಬುದೇ ಈಗ ದೊಡ್ಡ ಅನುಕೂಲವಾಯಿತು. ಮಾವನ ಕೈ ಬಲ್ಲವರು ಕೂಡ ಇವನ್ನು ನೋಡಿ ಮಾವನವು ಅನ್ನಲಾರರು. ಸೈಟಿನಲ್ಲಿ ಬೆರಳಾಡಿಸಿ ಹೋದವರು ನೆನಪಿಟ್ಟುಕೊಳ್ಳುವವರೂ ಅಲ್ಲ. ನಾನೂರ ಇಪ್ಪತ್ತಾರು ಮಾವನಿಗೇ ಉಳಿಯುತ್ತವೆ. ಕೆರೆಯಿಂದ ಹನ್ನೆರಡು ಬಿಂದಿಗೆ ತೆಗೆದರೆ ಕೆರೆ ಬತ್ತುವುದಿಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಕೆಲಸವನ್ನು ಅವನು ಮೂರು ವಾರ, ಮಧ್ಯಾಹ್ನ ಎರಡರಿಂದ ನಾಲ್ಕು, ಮಾವನ ನಿದ್ದೆಯ ಅಳತೆಗೆ ಸರಿಯಾಗಿ ಮಾಡಿದ. ಕದಿಯುವ ಕೆಲಸವನ್ನು ಮಾವನ ಮನೆಯಲ್ಲೇ ಕೂತು ಮಾಡುವುದರಲ್ಲಿ ಅವನಿಗೆ ಒಂದು ಬಗೆಯ ಪ್ರಾಮಾಣಿಕತೆ ಕಾಣುತ್ತಿತ್ತು.

ಮೊದಲು ಹನ್ನೆರಡನ್ನೂ ಮಾವನ ಸೈಟಿನಿಂದ ಮರೆಮಾಡಿದ. ಎರಡು ಬ್ಯಾಕಪ್ಪಿನಿಂದಲೂ ಅಳಿಸಿ, ತನ್ನ ಹತ್ತಿರ ಮಾತ್ರ ಒಂದೊಂದು ಪ್ರತಿ ಇಟ್ಟುಕೊಂಡ. ಆಮೇಲೆ ಕಾಗದದ ಹಳದಿ ತೆಗೆದ. ಐವತ್ತು ವರ್ಷದ ಹಳದಿ ಸುಲಭಕ್ಕೆ ಹೋಗುವುದಿಲ್ಲ. ಅದು ಗೆರೆಯ ಒಳಗೂ ಇಳಿದಿರುತ್ತದೆ. ಬಿಳಿ ಮಾಡಿದರೆ ಗೆರೆ ಸಾಯುತ್ತದೆ, ಬಿಟ್ಟರೆ ವಯಸ್ಸು ಹೇಳುತ್ತದೆ. ಅವನು ಹಾಳೆಯ ಒಂದೊಂದು ಮೂಲೆಗೂ ಬೇರೆ ಬೇರೆ ಅಳತೆಯಲ್ಲಿ ಬಣ್ಣ ಇಳಿಸಿದ. ಪ್ರತಿ ಫೈಲಿನ ಒಳಗೆ ಅಡಗಿರುವ ಸ್ಕ್ಯಾನಿನ ದಿನಾಂಕವನ್ನು ತಿದ್ದಿ, ಹತ್ತು ವರ್ಷಕ್ಕೆ ಹನ್ನೆರಡು ಚಿತ್ರ ಹಂಚಿದ. ಕೆಲವು ವರ್ಷಕ್ಕೆ ಎರಡು, ಒಂದಕ್ಕೆ ಸೊನ್ನೆ; ಕಲಾವಿದನಿಗೆ ಬೇಸರದ ವರ್ಷವೂ ಇರಬೇಕಲ್ಲ.

ಕಡೆಗೆ ಇರುವೆ. ಎಂಟು ಪಟ್ಟು ದೊಡ್ಡದು ಮಾಡಿ ಒಂದೊಂದೇ ಕಾಲು ಅಳಿಸಿದ. ಕಾಲು, ಮೈ, ಮೀಸೆ, ಬಾಯಲ್ಲಿದ್ದ ಕಾಳು. ಅಳಿಸಿದ ಕಡೆ ಬರಿಯ ಬಿಳಿ ಬಿಡದೆ, ಅದೇ ಹಾಳೆಯ ಬೇರೆ ಕಡೆಯಿಂದ ಕಾಗದದ ನಾರನ್ನು ತಂದು ಹೊಲಿದ. ಹನ್ನೆರಡನೆಯದು ಮುಗಿದಾಗ ಬೆಣ್ಣೆಯಿಂದ ಕೂದಲು ತೆಗೆದಷ್ಟು ನುಣುಪಾಗಿತ್ತು. ಅವನು ಜೀವನದಲ್ಲಿ ಇಷ್ಟು ತಾಳ್ಮೆಯಿಂದ ಏನನ್ನೂ ಮಾಡಿರಲಿಲ್ಲ. ಇದೇ ತಾಳ್ಮೆ ಬರೆಯುವುದರಲ್ಲಿ ಇದ್ದಿದ್ದರೆ ಎಂಬ ಯೋಚನೆ ಬಾಗಿಲವರೆಗೆ ಬಂತು. ಅವನು ಒಳಗೆ ಕರೆಯಲಿಲ್ಲ.

ಒಂದೊಂದು ಚಿತ್ರವನ್ನೂ ಇಂಟರ್ನೆಟ್ಟಿಗೆ ತೋರಿಸಿ, ಇಂಥದ್ದು ಬೇರೆಲ್ಲಾದರೂ ಇದೆಯೇ ಎಂದು ಹುಡುಕಿಸಿದ. ಮಾವನ ಸೈಟಿನಿಂದ ತೆಗೆದ ಮೇಲೆ ಎಲ್ಲೂ ಇರಲಿಲ್ಲ. ಯಾವ ಪುಸ್ತಕದಲ್ಲಿ, ಯಾವ ಪತ್ರಿಕೆಯಲ್ಲಿ, ಯಾವ ಗೋಡೆಯ ಫೋಟೊದಲ್ಲಿ ಕೂಡ ಇರಲಿಲ್ಲ. ಲೋಕದಲ್ಲಿ ಈ ಹನ್ನೆರಡನ್ನು ಬಲ್ಲವನು ತಾನೊಬ್ಬನೇ ಎಂದು ಯಂತ್ರವೇ ಸಾಕ್ಷಿ ಹೇಳಿತು.

ಅಡ್ಡಿ ಬಂದದ್ದು ಅತ್ತೆಯಿಂದ. ಅವರು ಬೆಳಿಗ್ಗೆ ಎದ್ದು ಕೈ ಮುಗಿದು, ಆಮೇಲೆ ಫೋನು ಹಿಡಿದು ಗಂಡನ ಚಿತ್ರಗಳನ್ನು ಒಂದು ಸುತ್ತು ನೋಡುವುದು ರೂಢಿ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೂ ಉತ್ತರ ಸಿದ್ಧವಿತ್ತು.

"ಏ ವೈರು, ನಿಮ್ಮ ಮಾವನ ಹೊಲಿಗೆಯವಳು ಎಲ್ಲಿ ಹೋದಳೋ? ಬೆಳಿಗ್ಗೆಯಿಂದ ಹುಡುಕ್ತಿದೀನಿ, ಫೋನಲ್ಲಿ ಇಲ್ಲ."

"ರಿಪೇರಿ ನಡೀತಿದೆ ಅತ್ತೆ."

"ಅವಳಿಗೇನೋ ರಿಪೇರಿ? ಚೆನ್ನಾಗೇ ಇದ್ದಳಲ್ಲ. ರಿಪೇರಿ ಆಗಬೇಕಾದ್ದು ನನ್ನ ಮಂಡಿ, ಅದಕ್ಕೆ ಕೇಳೋರಿಲ್ಲ."

"ಆ ಇರುವೆ ಇರೋ ಚಿತ್ರಗಳನ್ನೆಲ್ಲ ಕೆಲವು ದಿನ ಒಳಗಿಟ್ಟಿದೀನಿ ಅತ್ತೆ. ಮೆಚ್ಚಿನವು ಅಂತ ಹಾಕಿದ್ನಲ್ಲ, ಅವನ್ನ. ಯಾರಾದರೂ ಕದ್ದುಬಿಡ್ತಾರೆ ಈಗಿನ ಕಾಲದಲ್ಲಿ."

ಒಳಕೋಣೆಯಿಂದ ಮಾವನ ದನಿ ಬಂತು. "ಇರುವೆಯವಾ? ಅವಕ್ಕೆ ಮೆಚ್ಚಿನವು ಅಂತ ಹೆಸರಿಟ್ಟಿದ್ದೀಯೇನೋ?"

"ಹೌದು ಮಾವ. ಯಾಕೆ, ಅಲ್ವಾ?"

ಮಾವ ನಗತೊಡಗಿದರು. ನಗು ಕೆಮ್ಮಾಯಿತು, ಅತ್ತೆ ನೀರು ತೆಗೆದುಕೊಂಡು ಓಡಿದರು. ಕುಡಿದು ಸುಧಾರಿಸಿಕೊಂಡು ಮಾವ ಹೇಳಿದರು: "ಮೆಚ್ಚಿನವೇ. ಸುಳ್ಳಲ್ಲ ಬಿಡು. ಮೇಷ್ಟ್ರು ಕೇಳಿದ್ದರೆ ಬಿದ್ದು ಬಿದ್ದು ನಗ್ತಿದ್ರು. ತೆಗಿ, ತೆಗಿ, ಒಳ್ಳೇದೇ ಆಯ್ತು. ಇರುವೆ ಇದೆಯಲ್ಲ ಅಂತ ನಾನೂ ಸುಮ್ಮನಿದ್ದೆ." ಲೋಟ ಕೆಳಗಿಟ್ಟು, "ಯಾಕೆ ಅಂತ ಕೇಳೋದಿಲ್ವಲ್ಲೋ ನೀನು?" ಅಂದರು.

"ಕೇಳ್ತೀನಿ ಮಾವ, ಇದೊಂದು ಅಪ್‌ಲೋಡ್ ಆಗ್ಲಿ."

ಅಪ್‌ಲೋಡ್ ಆಗುವಷ್ಟರಲ್ಲಿ ಮಾವನಿಗೆ ಜೊಂಪು ಹತ್ತಿತ್ತು. ವಯಸ್ಸಾದವರ ವಿನಯ ಎಂದು ಅವನು ಅದನ್ನು ಪಕ್ಕಕ್ಕಿಟ್ಟ. ದೋಚುವವನಿಗೆ ಮನೆಯ ಯಜಮಾನನೇ ಎದ್ದು ಬಾಗಿಲು ತೆಗೆದು, ಇನ್ನೂ ಒಯ್ಯಿ ಎಂದಂತಾಗಿತ್ತು. ಅವನ ಮನಸ್ಸಿನಲ್ಲಿ ಉಳಿದಿದ್ದ ಒಂದು ಹಿಡಿ ಅಳುಕೂ ಅಂದೇ ಹೋಯಿತು.

ಇನ್ನು ಆ ತಿಂಗಳು ಬರೆದ ಒಂದು ಚಿತ್ರ. ಅದೊಂದನ್ನು ಮಾತ್ರ ಎಲ್ಲಿಂದಲೂ ತರುವಂತಿರಲಿಲ್ಲ. ಮೇಜಿನ ಮೇಲಿಟ್ಟು ಫೋಟೊ ತೆಗೆಯಬೇಕು. ಅರ್ಜಿಯ ಕೊನೆಯ ದಿನ ಸಂಜೆ ಮಾವ ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದರು. ಒಂದು ಕೈಯಲ್ಲಿ ಹಿಡಿದರೆ ಚೆಲ್ಲುತ್ತದೆಂದು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಬಲಗೈಯ ಕಿರುಬೆರಳು ಮಾತ್ರ ಮಡಿಸದೆ ಹೊರಗೆ ಚಾಚಿತ್ತು. ಚಿಕ್ಕಂದಿನಲ್ಲಿ ಮುರಿದು ಹಾಗೇ ಕೂಡಿಕೊಂಡದ್ದು. ಕೈಗೆ ಸಿಕ್ಕ ಬಾಲ್ ಪೆನ್ನಿನಲ್ಲಿ, ಕರೆಂಟು ಬಿಲ್ಲಿನ ಹಿಂಬದಿಯಲ್ಲಿ ಅವನು ಆ ಕೈಗಳನ್ನು ಬರೆದ. ಚೆನ್ನಾಗಿ ಬರಬೇಕೆಂಬ ಆಸೆಯೇ ಇರಲಿಲ್ಲ, ಆದ್ದರಿಂದ ಅವಸರವೂ ಇರಲಿಲ್ಲ. ಮಾವ ಏನೋ ಹೇಳುತ್ತಿದ್ದರು. ಅವನು ಬೆರಳುಗಳನ್ನು ಮಾತ್ರ ನೋಡುತ್ತಿದ್ದ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಫೋಟೊ ತೆಗೆದು ಹದಿಮೂರನೆಯದಾಗಿ, ಪುಟದ ತಳದಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಸೇರಿಸಿದ. ಮೇಲಿನ ಹನ್ನೆರಡರ ಪಕ್ಕದಲ್ಲಿ ಅದು ಮದುವೆ ಮನೆಗೆ ಮನೆಯ ಬಟ್ಟೆಯಲ್ಲೇ ಬಂದ ನೆಂಟನ ಹಾಗೆ ಕಾಣುತ್ತಿತ್ತು. ನಿಯಮ ಅಂದಮೇಲೆ ನಿಯಮ.

'ಕೆಲಸ ನಡೆಯುತ್ತಿದೆ' ಎಂಬ ಸಾಲನ್ನು ಎಂಟು ವರ್ಷದ ಮೇಲೆ ಅಳಿಸಿದ. ಲಿಂಕ್ ಕಳಿಸಿದ.

ಹದಿನೇಳು ದಿನಕ್ಕೆ ಫೋನು ಬಂತು. ಗುರುವಾರ ಹನ್ನೊಂದು ಗಂಟೆಗೆ ಬರಬೇಕು, ಸಂಪಾದಕರು ಖುದ್ದು ಮಾತಾಡಬೇಕು ಅಂತಿದ್ದಾರೆ ಎಂದರು. ಹೊರಡುವ ಮುಂಚೆ ಅವನು ಮಾವನ ಮನೆಗೆ ಹೋದ. ಯಾಕೆ ಹೋದನೋ ಅವನಿಗೇ ಗೊತ್ತಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಟಾಗ ಹೋಗಿ ಕಾಲು ಮುಟ್ಟುವುದು ಚಿಕ್ಕಂದಿನ ಅಭ್ಯಾಸ. ಮಾವ ತಲೆಯ ಮೇಲೆ ಕೈಯಿಟ್ಟರು. ಕೈ ನಡುಗುತ್ತಿದ್ದುದರಿಂದ ಆಶೀರ್ವಾದ ಒಂದರ ಬದಲು ಹತ್ತು ಸಲ ಆದಂತಾಯಿತು.

"ಎಲ್ಲಿಗೋ ಹೀಗೆ ಇಸ್ತ್ರಿ ಮಾಡ್ಕೊಂಡು?"

"ಒಂದು ಪ್ರಕಾಶನದವರು ಕರೆದಿದಾರೆ ಮಾವ. ಚಿತ್ರದ ಕೆಲಸ."

"ಚಿತ್ರದ್ದಾ? ನಿಂದಾ?" ಮಾವನ ಕಣ್ಣು ತುಂಬಿತು. "ನೋಡು, ನಾನು ಅವತ್ತೇ ಹೇಳಿದ್ನಲ್ಲ, ನಿನ್ನ ಗೆರೆ ಚೆನ್ನಾಗಿದೆ ಅಂತ."

ಹೇಳಿದ್ದು ಅವನಿಗೆ ನೆನಪಿರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಪ್ರಕಾಶನದ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಉದ್ದನೆಯ ಮೇಜು, ಮೇಜಿನ ತುಂಬ ಅಚ್ಚಿನ ಹಾಳೆ, ಹೊಸ ಕಾಗದದ ವಾಸನೆ. ಒಂದು ಕಡೆ ಪ್ರಕಾಶಕರು, ದಪ್ಪಗೆ, ಮಾತಿಗಿಂತ ಮೊದಲು ನಗುವವರು. ಇನ್ನೊಂದು ಕಡೆ ಸಂಪಾದಕಿ. ಐವತ್ತು ದಾಟಿದ ಹೆಂಗಸು, ನೆರೆತ ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿದ್ದರು; ಮಾತು ಕಡಿಮೆ. ಅವರ ಬೆನ್ನ ಹಿಂದೆ ಅವರ ಕೋಣೆಯ ಮುಚ್ಚಿದ ಬಾಗಿಲು. ಮೇಜಿನ ಮೇಲಿನ ಪರದೆಯಲ್ಲಿ ಅವನ ಹೆಸರು, ಹೆಸರಿನ ಕೆಳಗೆ ಹನ್ನೆರಡು ಚಿತ್ರ.

"ಈ ಕೊಡೆ ರಿಪೇರಿಯವನು ಎಲ್ಲಿ ಸಿಕ್ಕಿದ ನಿಮಗೆ?" ಸಂಪಾದಕಿ ಕೇಳಿದರು.

ಇದಕ್ಕೆಂದೇ ಒಂದೊಂದು ಚಿತ್ರಕ್ಕೂ ಅವನು ಕತೆ ಕಟ್ಟಿ ಬಾಯಿಪಾಠ ಮಾಡಿದ್ದ. ಬಸ್ ನಿಲ್ದಾಣದ ಹಿಂದಿನ ಓಣಿ, ಮೆಟ್ಟಿಲ ಮೇಲೆ ಕೂತ ಮುದುಕ, ಮಧ್ಯಾಹ್ನದ ಬಿಸಿಲು, ಬಾಯಲ್ಲಿ ದಾರ. ದನಿ ಎಲ್ಲಿ ತಗ್ಗಬೇಕೋ ಅಲ್ಲಿ ತಗ್ಗಿಸಿದ. ಸಂಪಾದಕಿ ಅಡ್ಡ ಮಾತಾಡದೆ ಪೂರ್ತಿ ಕೇಳಿದರು. ಅಷ್ಟು ಚೆನ್ನಾಗಿ ಕೇಳುವವರನ್ನು ಅವನು ಕಂಡಿರಲಿಲ್ಲ.

"ನಮ್ಮ ಮನೆ ಬಾಗಿಲಿಗೂ ಒಬ್ಬ ಬರ್ತಿದ್ದ, ಹೀಗೇ," ಅಂದರು.

"ಎಲ್ಲಾ ಊರಲ್ಲೂ ಇರ್ತಾರೆ ಮೇಡಂ."

"ಹೌದು. ಎಲ್ಲಾ ಊರಲ್ಲೂ ಇರ್ತಾರೆ." ಹೊಲಿಗೆಯ ಹೆಂಗಸಿನ ಕತೆಯನ್ನೂ ಕೇಳಿದರು, ಬೀಗದವನದನ್ನೂ ಕೇಳಿದರು. ಒಂದನ್ನೂ ಪ್ರಶ್ನಿಸಲಿಲ್ಲ. ಆಮೇಲೆ ಪರದೆಯನ್ನು ಕೆಳಗೆ, ಕೆಳಗೆ ಸರಿಸುತ್ತ ಹೋಗಿ ತಳದಲ್ಲಿ ನಿಂತರು. "ಇದು ಯಾರ ಕೈ?"

"ಅದು ನಮ್ಮ ಮಾವನದು." ಆ ಮೇಜಿನ ಮುಂದೆ ಅವನಾಡಿದ ಮೊದಲ ನಿಜ. ಅದಕ್ಕೇ ಇರಬೇಕು, ದನಿ ಸ್ವಲ್ಪ ತೊದಲಿತು. "ಅದೇನಿಲ್ಲ ಮೇಡಂ, ನಿಯಮ ಇತ್ತಲ್ಲ ಅಂತ ಸುಮ್ಮನೆ ಬಾಲ್ ಪೆನ್ನಲ್ಲಿ..."

"ಕಿರುಬೆರಳು ಮಡಿಸೋಕೆ ಬರೋದಿಲ್ವಾ ಅವರಿಗೆ?"

"ಇಲ್ಲ. ಚಿಕ್ಕಂದಿನಲ್ಲಿ ಮುರಿದಿತ್ತಂತೆ."

"ಹೂಂ." ಅವರು ಬಹಳ ಹೊತ್ತು ನೋಡಿದರು. "ನಡುಗೋ ಕೈ ಅಂತ ತಿಳಿಯುತ್ತೆ. ಆದರೆ ನಿಮ್ಮ ಗೆರೆ ನಡುಗಿಲ್ಲ. ಚೆನ್ನಾಗಿದ್ದಾರಾ ಅವರು?"

"ಇದ್ದಾರೆ."

ಪ್ರಕಾಶಕರು ನಕ್ಕರು. "ನಿಜ ಹೇಳ್ತೀನಿ ಕೇಳಿ. ಇದೊಂದು ಚಿತ್ರಕ್ಕೋಸ್ಕರ ನಿಮ್ಮನ್ನ ಕರೆಸಲೇಬೇಕು ಅಂತ ಇವರು ಹಠ ಹಿಡಿದುಬಿಟ್ರು. ನೂರು ಕೈಕೆಲಸದ ಪುಸ್ತಕಕ್ಕೆ ಕೈ ಬರೆಯೋರು ಬೇಕು ಅಂತ."

ಸುಮ್ಮನೆ ಉಪಚಾರದ ಮಾತು ಎಂದುಕೊಂಡ ಅವನು. ಒಳಗೆ ಸ್ವಲ್ಪ ಸಿಟ್ಟೂ ಬಂತು. ಮೂರು ವಾರದ ಕೆಲಸವನ್ನು ಬಿಟ್ಟು ಇಪ್ಪತ್ತು ನಿಮಿಷದ್ದನ್ನು ಹಿಡಿದು ಕೂತಿದ್ದಾರಲ್ಲ. "ಅದು ಬಿಡಿ ಮೇಡಂ, ಅದರಲ್ಲೇನಿದೆ. ನನ್ನ ನಿಜವಾದ ಕೆಲಸ ಅಂದರೆ ಮೇಲಿನ ಹನ್ನೆರಡು" ಎಂದು ತಾನೇ ಕೈ ಚಾಚಿ ಪರದೆಯನ್ನು ಮೇಲಕ್ಕೆ ಸರಿಸಿದ.

"ಹಾಗೋ," ಎಂದು ಸಂಪಾದಕಿ ಎದ್ದು, ಬೆನ್ನ ಹಿಂದಿನ ಬಾಗಿಲು ತೆರೆದು, "ಒಂದು ನಿಮಿಷ ಬನ್ನಿ" ಎಂದು ಕರೆದರು. ಸಣ್ಣ ಕೋಣೆ. ಮೂರು ಗೋಡೆಯ ಮೇಲೆ, ಗೋಡೆಗೆ ನಾಲ್ಕರಂತೆ, ಗಾಜಿನ ಚೌಕಟ್ಟಿನೊಳಗೆ ಹೊಲಿಗೆಯ ಹೆಂಗಸಿದ್ದಳು, ಬೀಗದವನಿದ್ದ, ದಾರ ಕಚ್ಚಿಕೊಂಡ ಕೊಡೆಯವನಿದ್ದ. ತಾನು ಮೂರು ವಾರ ಕೂತು ತೊಳೆದಿದ್ದ ಹಳದಿಯೆಲ್ಲ ಹಾಗೇ ಇತ್ತು. "ನಮ್ಮಪ್ಪ ಬರೆದಿದ್ದು," ಅಂದರು ಸಂಪಾದಕಿ, ಪಾಠ ಹೇಳುವವರ ಮೆಲುದನಿಯಲ್ಲಿ. "ಅಚ್ಚು ಹಾಕಿಸಲಿಲ್ಲ, ಫೋಟೊ ತೆಗೆಯೋಕೂ ಯಾರಿಗೂ ಬಿಡಲಿಲ್ಲ. ಬೇಕಾದೋರು ಬಂದು, ಕೂತು, ನೋಡಿ ಬರ್ಕೊಳ್ಳಲಿ ಅನ್ನೋರು. ಮನೆಗೆ ಕಲಿಯೋಕೆ ಬರ್ತಿದ್ದ ಐದಾರು ಜನ ಹಾಗೇ ಬರ್ಕೊಂಡ್ರು. ಅದರಲ್ಲೊಬ್ಬರಿಗೆ ಬಲಗೈ ಕಿರುಬೆರಳು ಮಡಿಸೋಕೆ ಬರ್ತಿರಲಿಲ್ಲ, ಎಲ್ಲರಿಗಿಂತ ಚೆನ್ನಾಗಿ ಬರೆದೋರು ಅವರೇ. ಅಪ್ಪಂದು ಒಂದೇ ಕರಾರು. ಇರುವೆ ಕಾಳು ಬೆಳೆಯೋದಿಲ್ಲ, ಹೊರುತ್ತೆ ಅಷ್ಟೆ. ಇನ್ನೊಬ್ಬರದನ್ನ ನೋಡಿ ಬರೆದೋರು ಹಾಳೆಯ ಮೂಲೆಯಲ್ಲಿ ಕಾಳು ಹೊತ್ತ ಒಂದು ಇರುವೆ ಬರೀಬೇಕು. ಬರೆದಿದ್ದಾರಾ ಅಂತ ನೋಡೋ ಕೆಲಸ ನಂದು. ಆರು ವರ್ಷ ನನಗೆ. ಸಂಜೆ ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬರ ಹಾಳೆನೂ ಇಸ್ಕೊಂಡು ನೋಡ್ತಿದ್ದೆ, ಇಲ್ಲದಿದ್ದರೆ ಹೊರಗೆ ಬಿಡ್ತಿರಲಿಲ್ಲ." ಇವನ ಹಿಂದೆ ಬಾಗಿಲಿತ್ತು. ಅವರು ಇವನನ್ನು ದಾಟಿ ಹೋಗಿ ಆ ಬಾಗಿಲಿಗೆ ಅಡ್ಡ ನಿಂತು, ಐವತ್ತು ವರ್ಷದ ಹಿಂದೆ ದಿನಾ ಸಂಜೆ ಕೇಳುತ್ತಿದ್ದ ದನಿಯಲ್ಲೇ ಕೇಳಿದರು: "ಇರುವೆ ಎಲ್ಲಿ?"